ಆರಿಸಿದ ಬೇಲಿ

ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆಗಿದ್ದು. ನಗೋರು ಈಗಲೇ ನಕ್ಕುಬಿಡಿ... ಆಮೇಲೆ ನಗು ಬರಲ್ಲ.

ಅವತ್ತು ಅಕ್ಕ ಆಫೀಸು ಬಿಟ್ಟಾಗ ಬೀದಿಯಲ್ಲಿ ನರಪಿಳ್ಳೆ ಇಲ್ಲ. ಕಟ್ಟಡದ ಹಿಂದೆ ಹಾಳು ಬಾವಿ, ಅದನ್ನ ದಾಟಿಯೇ ಮನೆಗೆ ಹೋಗಬೇಕು. ಮನಸ್ಸೂ ನೆಟ್ಟಗಿರಲಿಲ್ಲ. ಎಳೆ ಕೂಸುಗಳ ಉಸಿರು ಕಾಯೋ ಯಂತ್ರ ಬೆಳಗಾದರೆ ಆಸ್ಪತ್ರೆಗೆ ಹೊರಡಬೇಕು. ಅದನ್ನ ನಡೆಸೋ ಮೂಲ ಪ್ರೋಗ್ರಾಮು, ಕರ್ನಲ್ಲು, ಅಕ್ಕನ ಕೈಯಲ್ಲಿತ್ತು. ಒಳಗಿನ ಒಂದೊಂದು ಕೆಲಸಕ್ಕೂ ಇಷ್ಟಿಷ್ಟು ಮೆಮೊರಿ ಅಂತ ಪಾಲು ಹಂಚೋದು ಅದೇ. ಯಾವುದಾದರೂ ತನ್ನ ಪಾಲು ಮೀರಿ ಬರೆದರೆ ಪಕ್ಕದ್ದು ಅಳಿಸಿಹೋಗುತ್ತೆ. ಅದಕ್ಕೇ ಪಾಲಿನ ಅಂಚಿಗೆ ಒಂದು ಗುರುತು ತುಂಬಿಡೋದು. ಗುರುತು ಕೆಟ್ಟಿತೋ, ಕಳ್ಳ ಸಿಕ್ಕ.

ಆ ಕಾವಲು ಬರೆದವರು ಮೇಷ್ಟ್ರು, ಅಕ್ಕನಿಗೆ ಕೆಲಸ ಕಲಿಸಿದ ಹಿರಿಯರು, ಎಡಗೈಯವರು. "ಬೇಲಿ" ಅಂತ ಕರೀತಿದ್ದರು. ಅವರು ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಬೇಲಿಯಿಂದ ಯಂತ್ರ ನಿಧಾನ ಅಂತ ಮ್ಯಾನೇಜರು ತಲೆ ತಿಂದಿದ್ದಕ್ಕೆ, ಆ ಸಂಜೆ ಅಕ್ಕ ದೀಪ ಆರಿಸಿದ ಹಾಗೆ ಬೇಲಿ ಆರಿಸಿ, ಪರೀಕ್ಷೆ ಓಡೋಕೆ ಬಿಟ್ಟು ಬಂದಿದ್ದಳು.

ಬಾವಿ ಹತ್ತಿರ ಬಂತು.

ಟಕ್... ಟಕ್ ಟಕ್... ಕಿರ್ರ್.

ಕೀಬೋರ್ಡಿನ ಸದ್ದು. ಉದ್ದ ಗುಂಡಿ ಒತ್ತಿದಾಗ ಕಿರ್ರ್ ಅಂತಿದ್ದದ್ದು ಮೇಷ್ಟ್ರದ್ದೊಂದೇ. ಸದ್ದು ಬರ್ತಿರೋದು... ಬಾವಿಯೊಳಗಿಂದ.

ಅಕ್ಕ ಕಾಲಿಗೆ ಬುದ್ಧಿ ಹೇಳಿದಳು. ಬೆಳಕಿದ್ದದ್ದು ಆಫೀಸಿನ ಗೇಟಲ್ಲಿ ಮಾತ್ರ, ಅಲ್ಲಿಗೇ ಓಡಿದಳು.

"ಮೇಲೆ ಯಾರಿದ್ದಾರೆ ತಾತಾ?" ಪಿಸುಗುಟ್ಟಿದಳು.

"ಯಾರೂ ಇಲ್ಲಮ್ಮ," ಅಂದ ವಾಚ್‌ಮನ್ ತಾತ, ಅವನದೂ ಪಿಸುಮಾತೇ. "ಬೀಗ ನೀನೇ ಹಾಕ್ಕೊಂಡು ಬಂದ್ಯಲ್ಲ. ಆದ್ರೆ..."

"ಆದ್ರೆ?"

"ಏನೋ ಕೂಗ್ತಿದೆ. ಕೇಳು."

ಬೀಪ್... ಬೀಪ್...

ಇಬ್ಬರೂ ಹತ್ತಿದರು. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಒಳಗೆ ಪರದೆ ಮೇಲೆ ಒಂದೇ ಸಾಲು: ಗುರುತು ಕೆಟ್ಟಿದೆ.

ಆರಿಸಿದ ಬೇಲಿ ಎದ್ದು ನಿಂತಿತ್ತು!

ಅಕ್ಕ ತಾತನ ತೋಳು ಹಿಡಿದಳು. "ತಾತಾ, ಹೋಗಬೇಡಿ."

"ಇಲ್ಲೇ ಇದೀನಿ."

ಕೂತು ಹುಡುಕಿದಳು. ಪರೀಕ್ಷೆಯ ನಕಲಿ ಕೂಸು ಏದುಸಿರು ಬಿಟ್ಟಾಗ, ಉಸಿರು ಎಣಿಸೋ ಭಾಗ ಪಾಲಿನಾಚೆ ಒಂದೇ ಒಂದು ಅಕ್ಷರ ಬರೀತಿತ್ತು. ಬೇಲಿ ಇಲ್ಲದಿದ್ದರೆ ಅದು ಹೋಗಿ ಬೀಳೋದು ಪಕ್ಕದ ಅಲಾರಂ ಮೇಲೆ. ಉಸಿರು ನಿಂತರೂ ಯಂತ್ರ ಕೂಗ್ತಿರಲಿಲ್ಲ...

ಬೆಳಗಾಗೋಷ್ಟರಲ್ಲಿ ಸರಿಮಾಡಿದಳು. ಮ್ಯಾನೇಜರು ಬಂದಾಗ, "ನಿಧಾನವಾದ್ರೆ ಆಗಲಿ ಸರ್, ಬೇಲಿ ನಾನು ತೆಗೆಯಲ್ಲ" ಅಂದಳು. ಆತ ಪರದೆ ನೋಡಿ, ಬೇಲಿ ಇರೋ ಯಂತ್ರವನ್ನೇ ಆಸ್ಪತ್ರೆಗೆ ಕಳಿಸಿದ.

ಕತೆ ಕಟ್ತಿಲ್ಲ ನಾನು, ನಡೆದದ್ದು. ಬೇಕಾದ್ರೆ ಅಕ್ಕನ್ನೇ ಕೇಳಿ. ಅವಳು ಬಲಗೈಯವಳು. ಆ ರಾತ್ರಿ ಕೂರೋಕೆ ಮುಂಚೆ... ಮೌಸನ್ನ ಎಡಗಡೆಯಿಂದ ಎತ್ತಿ ಬಲಕ್ಕಿಟ್ಟುಕೊಳ್ಳಬೇಕಾಯಿತಂತೆ.