ಸೆಕೆಪೆಟ್ಟಿಗೆಯಲ್ಲಿ ಮಾತ್ರೆ

ಒಂದು ಊರು ಅಂದುಕೊಳ್ಳಿ. ಅಲ್ಲೊಬ್ಬ ಶ್ರೀಮಂತ ಅಂದುಕೊಳ್ಳಿ. ಅವನದು ಮಾತ್ರೆ ತಯಾರಿಸುವ ಕಾರ್ಖಾನೆ. ತನ್ನ ಬಿಪಿ ಮಾತ್ರೆಯ ಬಗ್ಗೆ ಅವನಿಗೆ ಎಲ್ಲಿಲ್ಲದ ಹೆಮ್ಮೆ. ಒಂದು ದಿನ ಸಮುದ್ರದಂಡೆಯ ಊರಿನಿಂದ ಅವನ ಅಕ್ಕ ಫೋನ್ ಮಾಡಿದಳು.

“ತಮ್ಮಾ, ನಿನ್ನ ಮಾತ್ರೆ ಡಬ್ಬಿಯೊಳಗೇ ಅಂಟಾಗಿದೆ ಮಾರಾಯ. ನುಂಗುವುದಾ, ದೋಸೆಗೆ ಹಚ್ಚುವುದಾ? ನಾನಂತೂ ಬಿಟ್ಟೆ.”

ನೋಡಿ, ಮಾತೇನೋ ತಮಾಷೆಯದೇ. ಆದರೆ ಮಾತ್ರೆ ಬಿಟ್ಟ ಅಕ್ಕ ಎಷ್ಟು ದಿನ ನೆಟ್ಟಗಿರುತ್ತಾಳೆ? ಶ್ರೀಮಂತ ತನ್ನ ಕಾರ್ಖಾನೆಯ ಪ್ರಯೋಗಾಲಯದ ಮೇಡಂ ಬಳಿಗೆ ಓಡಿದ.

“ನನ್ನ ಟೇಬಲ್ ಮೇಲೆ ಚೆನ್ನಾಗೇ ಇದೆಯಲ್ರೀ!”

“ನಿಮ್ಮ ಏಸಿ ರೂಮಲ್ಲಿ ನಾನೂ ಕೆಡಲ್ಲ ಸಾರ್. ಈ ಮದ್ದು ಒಂಟಿಯಾಗಿದ್ರೆ ತೇವ ತಡೆಯಲ್ಲ. ಜೊತೆ ಬೇಕು. ನಿಂಬೆಹುಳಿ ಹರಳು ಸೇರಿಸಿ ನೋಡೋಣ.”

“ನನ್ನ ಮದ್ದಿಗೆ ನಿಂಬೆಹುಳಿಯಾ? ಅದೇನು ಚಿತ್ರಾನ್ನವೇನ್ರೀ?”

ಆಕೆ ಎರಡನ್ನೂ ಬೆರೆಸಿ, ಬಿಸಿಯೂ ತೇವವೂ ತುಂಬಿದ ಪರೀಕ್ಷೆಯ ಪೆಟ್ಟಿಗೆಯಲ್ಲಿ, ಸೆಕೆಪೆಟ್ಟಿಗೆ ಅನ್ನಿ, ಇಟ್ಟಳು. ಮತ್ತೆ ಅಂಟು! ಶ್ರೀಮಂತ, “ನಾನು ಹೇಳ್ಲಿಲ್ವಾ?” ಎಂದು ನಕ್ಕ.

“ಬೆರೆಸಿದ್ದು ಸಾಲದು ಸಾರ್, ಅರೀಬೇಕು.”

ಒಂದೆರಡು ಹನಿ ದ್ರವ ಬಿಟ್ಟು ಅರೆದಳು. ಅರೆದಳು, ಅರೆದಳು, ಎರಡೂ ಸೇರಿ ಒಂದೇ ಹರಳಾಗುವವರೆಗೆ ಅರೆದಳು. ಮದ್ದು ಮದ್ದಾಗಿಯೇ ಇತ್ತು, ಹುಳಿ ಹುಳಿಯಾಗಿಯೇ ಇತ್ತು. ಆದರೆ ಎಷ್ಟು ಬಿಗಿಯಾಗಿ ಕೈ ಹಿಡಿದಿದ್ದವೆಂದರೆ, ನಡುವೆ ನೀರು ನುಗ್ಗಲು ಜಾಗವೇ ಇರಲಿಲ್ಲ. ಅದೇ ಪೆಟ್ಟಿಗೆಯಲ್ಲಿ ಇಟ್ಟರೂ ಪುಡಿ ಪುಡಿಯಾಗಿಯೇ ಉಳಿಯಿತು. ಮದ್ದಿನ ಗುಣ ಹೋಯಿತೇ? ಇಲ್ಲ. ನೀರಿಗೆ ಹಾಕಿದೊಡನೆ ಕರಗಿ ಮದ್ದನ್ನು ಪೂರ್ತಿ ಬಿಟ್ಟುಕೊಟ್ಟಿತು. ಉಳಿದ ಪರೀಕ್ಷೆಗಳೂ ಮುಗಿದ ಮೇಲೆ ಹೊಸ ಮಾತ್ರೆ ಅಕ್ಕನ ಮನೆ ಸೇರಿತು.

“ಈಗ ಗಟ್ಟಿ ಉಂಟು ತಮ್ಮಾ. ದಿನಾ ನುಂಗ್ತಿದ್ದೇನೆ. ದೋಸೆಗೆ ಬೇರೆ ಏನಾದರೂ ಕಳಿಸು!”

ನಕ್ಕಿರಲ್ಲ, ಈಗ ನಿಮ್ಮ ಸರದಿ. ಇಲ್ಲಿ ಸತ್ಸಂಗದಲ್ಲಿ ಫ್ಯಾನಿನ ಕೆಳಗೆ ಕಣ್ಣುಮುಚ್ಚಿ ಕೂತಾಗ ಕೆಟ್ಟವರು ಯಾರಿದ್ದಾರೆ? ನಿಮ್ಮ ಸೆಕೆಪೆಟ್ಟಿಗೆ ಇರುವುದು ಮನೆಯಲ್ಲಿ. ನೆಂಟರು ಬಾಗಿಲಲ್ಲಿ, ಗ್ಯಾಸ್ ಖಾಲಿ, ಮಿಕ್ಸಿ ಕೆಟ್ಟಿದೆ. ಆಗ ಮೊದಲು ಕರಗಿ ಹರಿಯುವವರು ಯಾರು? “ನನಗೆ ಯಾರೂ ಬೇಡ” ಅನ್ನುವವರೇ ಅಲ್ಲವೇ?

“ನಾವೆಲ್ಲ ಒಂದೇ ಮನೆಯಲ್ಲಿದ್ದೇವಲ್ಲ ಸ್ವಾಮಿ” ಅನ್ನಬೇಡಿ. ಅದು ಬರೀ ಬೆರಕೆ. ಇವತ್ತು ಮನೆಗೆ ಹೋದವರೇ, ಯಾರ ಮಾತು ನಿಮಗೆ ಹಿಡಿಸುವುದಿಲ್ಲವೋ ಅವರನ್ನೇ ಕರೆದು ಒಂದು ಕೆಲಸ ಜೊತೆಗೆ ಮಾಡಿ. ಸೊಪ್ಪು ಬಿಡಿಸಿ, ಅಟ್ಟ ಗುಡಿಸಿ, ಏನಾದರೂ ಸರಿ. ತಿಕ್ಕಾಟ ಆಗುತ್ತದೆ. ಆಗಲಿ. ನಡುವೆ ಎದ್ದು ಹೋಗಬೇಡಿ. ಅರೆಯುವುದು ಅಂದರೆ ಅದೇ.