ಧಣಿ ತಿನ್ನದ ಮರುವಾಯಿ

ಕಡಲ ಬದಿಯ ಒಂದು ಊರು. ಆ ಊರಲ್ಲೊಬ್ಬ ಶ್ರೀಮಂತ. ಹೆಸರು ಬೇಡ ಬಿಡಿ. ಹೆಸರು ಹೇಳಿದರೆ ನೀವೆಲ್ಲ "ಸದ್ಯ, ನಾನಲ್ಲ" ಎಂದು ಈ ದೇವಸ್ಥಾನದ ಚಾವಡಿಯಲ್ಲಿ ಆರಾಮವಾಗಿ ಕೂರುತ್ತೀರಿ.

ಊರ ನಡುವೆ ಹರಿಯುವ ತೋಡಿನ ಬದಿಯಲ್ಲಿ ಅವನದೊಂದು ದೊಡ್ಡ ಲಾಡ್ಜು. ಲಾಡ್ಜಿನ ಕೊಳೆನೀರು ತೋಡಿಗೆ, ತೋಡು ಅಳಿವೆಗೆ, ಅಳಿವೆ ಕಡಲಿಗೆ. ಊರವರ ಕೊಳೆಗೂ ಅದೇ ದಾರಿ. ಹೀಗಿರುವಾಗ ಸರಕಾರಕ್ಕೆ ಒಂದು ಒಳ್ಳೆಯ ಬುದ್ಧಿ ಬಂತು. ನಗಬೇಡಿ, ಕೆಲವೊಮ್ಮೆ ಬರುತ್ತದೆ. ಕಡಲ ನೀರು ಉಳಿಸುವ ಯೋಜನೆ ಎಂದು ತೋಡಿನ ದಂಡೆಯುದ್ದಕ್ಕೂ ಹೊಂಡ ತೆಗೆಸಿ, ಜಲ್ಲಿ, ಮರಳು ತುಂಬಿಸಿ, ಜೊಂಡುಹುಲ್ಲು, ಕಾಬಾಳೆ ನೆಡಿಸಿದರು. ಕೊಳೆನೀರು ಆ ಬೇರುಗಳ ನಡುವೆ ಸೋಸಿ ತಿಳಿಯಾಗಿ ಇಳಿಯತೊಡಗಿತು.

ಶ್ರೀಮಂತ ಏನು ಮಾಡಿದ? ಕಾರು ನಿಲ್ಲಿಸಲು ಜಾಗ ಸಾಲದೆಂದು ಗಿಡ ಕೀಳಿಸಿ, ಹೊಂಡ ಮುಚ್ಚಿಸಿ, ಮೇಲೆ ಸಿಮೆಂಟು ಇಟ್ಟಿಗೆಯ ಇಂಟರ್‌ಲಾಕ್ ಹಾಕಿಸಿದ. ಅಡಿಯಲ್ಲೊಂದು ಪೈಪು ಎಳೆದು ನೇರ ತೋಡಿಗೆ ಬಿಟ್ಟ. ಊರವರು ಏನು ಮಾಡಿದರು? ಇಂಟರ್‌ಲಾಕ್ ಚಂದ ಉಂಟೆಂದು ತಮ್ಮ ಹಿತ್ತಿಲಿಗೂ ಹಾಕಿಸಿದರು.

ಅಳಿವೆಯಲ್ಲಿ ನೀರಿಳಿದಾಗ ಮರುವಾಯಿ ಹೆಕ್ಕಿ ಮಾರುವ ಒಬ್ಬ ಹೆಂಗಸಿದ್ದಳು. ದೇವಸ್ಥಾನದಲ್ಲಿ ಚಿಪ್ಪುಮೀನಿನ ಸುದ್ದಿಯೇ ಎಂದು ಮೂಗು ಮುರಿಯಬೇಡಿ. ಅವಳ ಮನೆಯ ಒಲೆ ಉರಿಯುತ್ತಿದ್ದದ್ದು ಆ ಬುಟ್ಟಿಯಿಂದ. ನೀರು ಕೆಟ್ಟಿತು, ಮರುವಾಯಿ ನಾರಿತು. ಸಂತೆಯಲ್ಲಿ ಜನ ಮೂಸಿ ಕೆಳಗಿಟ್ಟರು. ಕೊನೆಗೆ ಅವಳು ಶ್ರೀಮಂತನ ಹಿಂಬಾಗಿಲಿಗೆ ಹೋದಳು. ಅವನ ತಾಯಿಯ ಕಾಲದಿಂದ ಅವಳು ಮರುವಾಯಿ ಕೊಡುತ್ತಿದ್ದ ಮನೆ ಅದು. ಹೋಗಿ ನೋಡಿದರೆ, ಮೆಟ್ಟಿಲ ಮೇಲೆ ಬೇರೆ ಯಾರದೋ ಬುಟ್ಟಿ, ತುಂಬ ಮರುವಾಯಿ.

"ಇದು ಎಲ್ಲಿದು ಧಣಿ?"

"ಆಚೆ ತಾಲೂಕಿನ ಹೊಳೆದು. ಡ್ರೈವರ್ ಹೋಗಿ ತರ್ತಾನೆ."

"ನಂದು ಬೇಡ್ವಾ?"

"ನಿಂದು ಬೇಡ ಮಾರಾಯ್ತಿ. ಮನೇಲಿ ಮಕ್ಕಳು ತಿನ್ನುದಲ್ವಾ."

ಅವಳು ತನ್ನ ಬುಟ್ಟಿಯನ್ನು ಸೊಂಟದಿಂದ ಇಳಿಸಿದಳು.

"ಹಾಗಾದ್ರೆ ನಿಮಗೆ ಗೊತ್ತುಂಟು," ಎಂದಳು. "ಪಾಪ, ಧಣಿಗೆ ಗೊತ್ತಿಲ್ಲದೆ ಆದದ್ದು ಅಂತ ಗ್ರಹಿಸಿದ್ದೆ ನಾನು."

ತನ್ನ ಬುಟ್ಟಿಯನ್ನು ಅವನ ಇಂಟರ್‌ಲಾಕಿನ ಮೇಲೆ ಕವುಚಿ ಹಾಕಿ ಹೋದಳು. ಮತ್ತೆ ಅಳಿವೆಗೆ ಇಳಿಯಲಿಲ್ಲ.

ನೋಡಿ, ಗೊತ್ತಿಲ್ಲದೆ ಮಾಡಿದವನನ್ನು ದೇವರು ಕ್ಷಮಿಸಬಹುದು. ಗೊತ್ತಿದ್ದೂ ತನ್ನ ತಟ್ಟೆಯೊಂದನ್ನು ಮಾತ್ರ ಉಳಿಸಿಕೊಂಡವನನ್ನು ಯಾವ ಮುಖದಲ್ಲಿ ಕ್ಷಮಿಸು ಎಂದು ದೇವರನ್ನು ಕೇಳುವುದು? ನನಗೆ ಸಿಟ್ಟು ಬರುತ್ತದೆ. ನಿಮಗೂ ಬಂತು, ಕಾಣುತ್ತಿದೆ. ಆ ಸಿಟ್ಟನ್ನು ಹಾಗೇ ಇಟ್ಟುಕೊಳ್ಳಿ, ಈಗ ಬೇಕಾಗುತ್ತದೆ.

ಬೆಳಿಗ್ಗೆ ಬಂದವನೇ ನಾನು ಇಲ್ಲಿಯ ಬಾವಿನೀರು ಕೇಳಿದೆ. ನಿಮ್ಮ ಸಮಿತಿಯ ಅಧ್ಯಕ್ಷರು ಬಾಟಲಿ ತಂದರು. "ಬಾವಿದು ಬೇಡ ಸ್ವಾಮಿ, ಅದಕ್ಕೆ ತೋಡಿನ ನೀರು ಇಳಿತದೆ," ಎಂದರು. ಅಧ್ಯಕ್ಷರೇ, ತಲೆ ತಗ್ಗಿಸಬೇಡಿ, ನೀವೊಬ್ಬರೇ ಅಲ್ಲ. ಇಡೀ ಸಭೆಗೆ ಗೊತ್ತುಂಟು. ಗೊತ್ತಿದ್ದೂ ಸ್ವಾಮಿಗೆ ಬಾಟಲಿ, ಆಚೆ ದಡದ ಬಡವರಿಗೆ ಅದೇ ಬಾವಿ. ಆ ಶ್ರೀಮಂತ ಇದಕ್ಕಿಂತ ಬೇರೆ ಏನು ಮಾಡಿದ, ಹೇಳಿ?

ನಾಳೆ ಪೂಜೆಗೆ ಮುಂಚೆ ನಿಮ್ಮ ಮನೆಯ ಹಿಂದೆ ಹೋಗಿ, ಪೈಪು ಎಲ್ಲಿ ಬಾಯಿ ಬಿಟ್ಟಿದೆ ನೋಡಿ. ತೋಡಿನ ಬದಿಯ ಇಂಟರ್‌ಲಾಕ್ ಎಬ್ಬಿಸಿ. ಗಿಡ ನೆಡಲು ಜಾಗ ಕೇಳಿ ಪಂಚಾಯತಿನವರು ಬಂದರೆ ಗೇಟು ಹಾಕಬೇಡಿ. ಬಾರದಿದ್ದರೆ ನೀವೇ ಹೋಗಿ, ನಮ್ಮ ತೋಡಿಗೆ ಯೋಜನೆ ಯಾಕಿಲ್ಲ ಎಂದು ಕೇಳಿ.

ಊಟಕ್ಕೆ ಎಲೆ ಹಾಕಿಯಾಗಿದೆ, ಸಾರಿನ ಪರಿಮಳ ಬರುತ್ತಿದೆ. ನಾನು ಕೂರುವುದಿಲ್ಲ. ಮೊದಲು ಅಡುಗೆಶಾಲೆಯ ಹಿಂದೆ ಹೋಗೋಣ, ಪಾತ್ರೆ ತೊಳೆದ ನೀರು ಎಲ್ಲಿಗೆ ಬೀಳುತ್ತದೆ ನೋಡೋಣ. ಏಳಿ ಅಧ್ಯಕ್ಷರೇ, ದಾರಿ ತೋರಿಸಿ. ಹಾಗೆಯೇ ಒಂದು ಹಾರೆ ತರಲು ಹೇಳಿ.