ಅವರ ಸೀಟು

ಸಿರಿಯಾದ ಅಲೆಪ್ಪೊ ನಗರದ ರೊಟ್ಟಿ ಅಂಗಡಿಯ ಮುಂದೆ ಈಗ ಹೆಂಗಸರ ಸಾಲೇ ಉದ್ದ. ಆ ಸಾಲಿನಲ್ಲಿ ನಿಂತಿದ್ದ ವಿಸಾಲ್ ಎಂಬ ಹೆಂಗಸಿನ ಮುಂದೆ ಇಬ್ಬರು ಮಾತಾಡುತ್ತಿದ್ದರು. ಒಬ್ಬಳು ಮುದುಕಿ, ಇನ್ನೊಬ್ಬಳ ಕೈಯಲ್ಲಿ ಟ್ಯಾಕ್ಸಿಯ ಕೀ.

"ಗಂಡನ ಟ್ಯಾಕ್ಸಿ ನೀನೇ ಓಡಿಸ್ತೀಯಂತಲ್ಲೇ, ಘುಸೂನ್! ನಾನು ಊರು ಬಿಟ್ಟಾಗ ಹೊಸಿಲು ದಾಟದ ಹುಡುಗಿ ನೀನು."

"ಅವರನ್ನ ಯುದ್ಧಕ್ಕೆ ಎಳ್ಕೊಂಡು ಹೋಗಿ ನಾಲ್ಕು ವರ್ಷ ಆಯ್ತು, ಖಾಲಾ. ಮಕ್ಕಳ ಹೊಟ್ಟೆ ಕೇಳುತ್ತಾ?"

"ಗಿಡ್ಡಿ ನೀನು. ಬ್ರೇಕು ಕಾಲಿಗೆ ಸಿಗುತ್ತೇನೇ?"

"ಬೆನ್ನ ಹಿಂದೆ ದಿಂಬು ಇಟ್ಕೊಳ್ತಿದ್ದೆ."

"ಸೀಟನ್ನೇ ಮುಂದಕ್ಕೆ ಎಳ್ಕೊಳ್ಳೋದಲ್ವೇನೇ, ಪೆದ್ದಿ?"

"ಅವರು ವಾಪಸ್ ಬಂದು, ನನ್ನ ಸೀಟು ಯಾರು ಮುಟ್ಟಿದ್ದು ಅಂತ ಬೈತಾರಲ್ಲ, ಅದಕ್ಕೇ."

ಮುದುಕಿ ನಕ್ಕಳು. ಘುಸೂನ್ ನಗಲಿಲ್ಲ.

"ಇನ್ನು ಬೈಯೋರಿಲ್ಲ, ಖಾಲಾ. ಇವತ್ತು ಬೆಳಿಗ್ಗೆ ಸೀಟು ಮುಂದಕ್ಕೆ ಎಳ್ಕೊಂಡೆ."

ಅಷ್ಟರಲ್ಲಿ ಅವರ ಸರದಿ ಬಂದಿತ್ತು. ಮುದುಕಿ ರೊಟ್ಟಿ ಕೊಳ್ಳದೆ, ಘುಸೂನಳ ಕೈ ಹಿಡಿದುಕೊಂಡು ಸಾಲಿನಿಂದ ಆಚೆ ನಡೆದಳು.